ಮಳೆ, ಚಂದ್ರ, ಡ್ಯಾಮ್, ಬಿಸಿಲು: ಭೂಮಿ ನಡುಗಲು ಇವೂ ಕಾರಣವಾ? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಕಾಲಡಿಯಿಂದ ಭಾರಿ ಸದ್ದು ಬರುತ್ತಿತ್ತು. ಜನ ಮನೆಯೊಳಗೆ ಮಲಗಲು ಹೆದರಿ ಬಯಲಿಗೆ ಬಂದರು. ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ನೆಂಟರ ಮನೆ ಸೇರಿದವು. ಆಮೇಲೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಎಲ್ಲಿ ಸಣ್ಣ ನಡುಕ ಆದರೂ ಜನರ ಬಾಯಲ್ಲಿ ಇವೇ ಪ್ರಶ್ನೆಗಳು. ಮಳೆ ಜಾಸ್ತಿ ಆಗಿದ್ದಕ್ಕಾ? ಅಮಾವಾಸ್ಯೆ ಹತ್ತಿರ ಇತ್ತಲ್ಲಾ? ಡ್ಯಾಮ್ ತುಂಬಿದ್ದಕ್ಕಾ? ಇವು ಸುಮ್ನೆ ಹುಟ್ಟಿದ ಪ್ರಶ್ನೆಗಳಲ್ಲ. ವಿಜ್ಞಾನಿಗಳು ನೂರು ವರ್ಷಕ್ಕೂ ಮೊದಲಿನಿಂದ ಇಂಥ ಪ್ರಶ್ನೆಗಳನ್ನೇ ಕೇಳುತ್ತಿದ್ದಾರೆ.

ಮೊದಲಿಗೆ, ಭೂಕಂಪ ಆಗುವುದೇ ಯಾಕೆ?

ಭಾರತವನ್ನು ಹೊತ್ತ ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಲೆಕ್ಕದಲ್ಲಿ ಈಶಾನ್ಯಕ್ಕೆ ಸರಿಯುತ್ತಿದೆ. ಹಿಮಾಲಯದ ಹತ್ತಿರ ಅದು ಯುರೇಷ್ಯಾ ಫಲಕಕ್ಕೆ ಒತ್ತುತ್ತದೆ. ಆ ಒತ್ತಡ ಅಲ್ಲಿಗೇ ಮುಗಿಯುವುದಿಲ್ಲ. ಫಲಕದ ನಡುವೆ ಇರುವ ನಮ್ಮ ದಖ್ಖನ್ನಿನ ಬಂಡೆಗಳಿಗೂ ಅದರ ಪಾಲು ಬರುತ್ತದೆ. ಇಲ್ಲಿನ ಬಂಡೆಗಳಲ್ಲಿ ಕೋಟ್ಯಂತರ ವರ್ಷ ಹಳೆಯ ಬಿರುಕುಗಳಿವೆ. ಬಿರುಕಿನ ಎರಡೂ ಬದಿ ಒಂದಕ್ಕೊಂದು ಕಚ್ಚಿಕೊಂಡು ನಿಂತಿರುತ್ತವೆ. ಒತ್ತಡ ಕೂಡುತ್ತಾ ಹೋಗಿ ಆ ಹಿಡಿತವನ್ನು ಮೀರಿದಾಗ ಒಂದು ಬದಿ ಥಟ್ಟನೆ ಜಾರುತ್ತದೆ. ಭೂಕಂಪ ಅಂದರೆ ಅದೇ.

ಹಾಗಾದರೆ ಮಳೆ, ಚಂದ್ರ, ಗಾಳಿಗೆ ಇದರಲ್ಲಿ ಏನು ಕೆಲಸ?

ಶಕ್ತಿ ಕೂಡಿಸುವುದು ಬೇರೆ. ಕೂಡಿದ ಶಕ್ತಿ ಹೊರಬೀಳುವ ಹೊತ್ತನ್ನು ಸ್ವಲ್ಪ ಹಿಂದುಮುಂದು ಮಾಡುವುದು ಬೇರೆ. ಮಳೆ, ಚಂದ್ರ ಮಾಡಬಹುದಾದದ್ದು ಎರಡನೆಯದನ್ನು ಮಾತ್ರ. ಜಾರಲು ಬಹಳ ಹತ್ತಿರ ಬಂದು ನಿಂತ ಬಿರುಕಿಗೆ ಒಂದು ಸಣ್ಣ ನೂಕು ಸಾಕಾಗುತ್ತದೆ. ಒತ್ತಡವೇ ಇಲ್ಲದ ಬಿರುಕಿಗೆ ಎಷ್ಟು ಮಳೆ ಸುರಿದರೂ ಏನೂ ಆಗುವುದಿಲ್ಲ. ಈ ಎರಡನ್ನು ಬೇರೆ ಮಾಡಿ ನೋಡದೆ ಇರುವುದರಿಂದಲೇ ಅರ್ಧ ಗೊಂದಲ, ಅರ್ಧ ಭಯ ಹುಟ್ಟುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕಡೆ ಮಳೆಗಾಲ ಮುಗಿದ ಮೇಲೆಯೇ ಯಾಕೆ ಸದ್ದು, ನಡುಕ ಜಾಸ್ತಿ?

ಇದು ಇಲ್ಲಿನವರು ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ. ಗಡಿಕೇಶ್ವರಕ್ಕೆ ಬಂದ ತಜ್ಞರು 'ಹೈಡ್ರೋ ಸೈಸ್ಮಿಸಿಟಿ' ಎಂದು ಹೇಳಿದ್ದು ಇದಕ್ಕೇ. ಅಂದರೆ ನೀರಿನಿಂದ ಚುರುಕಾಗುವ ಕಂಪನ.

ಶಹಾಬಾದಿನ ಎರಡು ದೊಡ್ಡ ಫರ್ಶಿ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನದನ್ನು ನೂಕಿ ನೋಡಿ. ತೂಕದಿಂದಾಗಿ ಅದು ಅಲ್ಲಾಡುವುದಿಲ್ಲ. ಈಗ ಎರಡರ ನಡುವೆ ನೀರನ್ನು ಒತ್ತಡದಿಂದ ನುಗ್ಗಿಸಿದರೆ ಆ ನೀರು ಮೇಲಿನ ಕಲ್ಲಿನ ಭಾರದ ಒಂದಷ್ಟು ಪಾಲನ್ನು ತಾನೇ ಹೊರುತ್ತದೆ. ಕಲ್ಲುಗಳ ಹಿಡಿತ ಸಡಿಲವಾಗುತ್ತದೆ. ಮೊದಲಿನಷ್ಟೇ ನೂಕಿದರೂ ಈಗ ಮೇಲಿನದು ಜಾರುತ್ತದೆ. ನೆಲದ ಬಿರುಕುಗಳಲ್ಲೂ ನಡೆಯುವುದು ಇದೇ. ನೀರು ಅಲ್ಲಿ ಎಣ್ಣೆ ಸವರಿದ ಹಾಗೆ ಕೆಲಸ ಮಾಡುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ಅದು ಸರಿಯಲ್ಲ. ಕೆಲಸ ಮಾಡುವುದು ನೀರಿನ ಒತ್ತಡ.

ಹಾಗಾದರೆ ಜೂನ್‌ನಲ್ಲಿ ಬಿದ್ದ ಮಳೆಗೆ ಜೂನ್‌ನಲ್ಲೇ ಯಾಕೆ ನಡುಗುವುದಿಲ್ಲ? ಒತ್ತಡ ಕೆಳಗಿಳಿಯಲು ಸಮಯ ಬೇಕು. ಮೇಲೆ ಅಂತರ್ಜಲ ಏರಿದಾಗ ಆ ಒತ್ತಡ ಬಿರುಕಿನಿಂದ ಬಿರುಕಿಗೆ ದಾಟುತ್ತಾ ಒಂದೆರಡು ಕಿಲೋಮೀಟರ್ ಆಳ ಮುಟ್ಟಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅದಕ್ಕೇ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಅಂದರೆ ತೊಗರಿ ಹೂವು, ಕಾಯಿ ಬಿಡುವ ಹೊತ್ತಿನಲ್ಲಿ, ಈ ಸಣ್ಣ ಕಂಪನಗಳು ಜಾಸ್ತಿ.

ಇನ್ನೊಂದು ಮಾತು. ಮಳೆ ನೀರಿನ ಭಾರವೇ ನೆಲವನ್ನು ಒತ್ತುತ್ತದೆ ಎನ್ನುವುದು ನಮ್ಮ ಕಡೆ ದೊಡ್ಡ ಕಾರಣವಲ್ಲ. ನಮ್ಮಲ್ಲಿ ವರ್ಷದ ಮಳೆ ಒಟ್ಟು ಮುಕ್ಕಾಲು ಮೀಟರಿನ ಆಸುಪಾಸು. ಅದರಲ್ಲೂ ಬಹುಪಾಲು ಹರಿದು ಹೋಗುತ್ತದೆ, ಆವಿಯಾಗುತ್ತದೆ.

ಗಡಿಕೇಶ್ವರದಲ್ಲೇ ಯಾಕೆ? ಪಕ್ಕದ ತಾಲ್ಲೂಕಿನಲ್ಲೂ ಅಷ್ಟೇ ಮಳೆ ಆಗುತ್ತದಲ್ವಾ?

ಆಗುತ್ತದೆ. ಆದರೆ ಕೆಳಗಿನ ಕಲ್ಲು ಒಂದೇ ಅಲ್ಲ. ಬೀದರ್ ಮತ್ತು ಕಲಬುರಗಿಯ ಉತ್ತರ ಭಾಗದಲ್ಲಿ ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾದಿಂದ ಆದ ಕಪ್ಪು ಕಲ್ಲಿದೆ. ಸೇಡಂ, ಶಹಾಬಾದ್, ವಾಡಿ, ಚಿತ್ತಾಪುರ ಕಡೆ ಭೀಮಾ ಕಣಿವೆಯ ಸುಣ್ಣದ ಕಲ್ಲು. ಯಾದಗಿರಿಯ ಬಹುಭಾಗ ಇನ್ನೂ ಹಳೆಯ ಗ್ರಾನೈಟ್. ಸುಣ್ಣದ ಕಲ್ಲು ನೀರಿಗೆ ನಿಧಾನವಾಗಿ ಕರಗುತ್ತದೆ. ಅದರ ಸಂದುಗಳು ಅಗಲವಾಗುತ್ತವೆ. ಬೇರೆ ಬೇರೆ ಜಾತಿಯ ಕಲ್ಲುಗಳು ಕೂಡುವ ಕಡೆ, ಹಳೆಯ ಬಿರುಕು ಹಾದುಹೋದ ಕಡೆ ನೀರಿಗೆ ಕೆಳಗಿಳಿಯುವ ದಾರಿ ಸುಲಭ. ದಾರಿ ಇದ್ದು, ಕೆಳಗೆ ಒತ್ತಡ ತುಂಬಿದ ಬಿರುಕೂ ಇದ್ದರೆ ಅಲ್ಲಿ ನಡುಕ. ಎರಡರಲ್ಲಿ ಒಂದಿಲ್ಲದಿದ್ದರೆ ಅದೇ ಮಳೆಗೆ ಪಕ್ಕದ ಊರು ಸುಮ್ಮನಿರುತ್ತದೆ.

ಆ ಸದ್ದು ಏನು? ನಡುಕ ಇಲ್ಲದೆಯೂ ಸದ್ದು ಕೇಳುತ್ತದಲ್ಲ?

ಕಂಪನ ತುಂಬಾ ಮೇಲೆ, ಒಂದೆರಡು ಕಿಲೋಮೀಟರ್ ಆಳದಲ್ಲೇ ಆದಾಗ ಅದರ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿ ನಮ್ಮ ಕಿವಿಗೆ ಸದ್ದಾಗಿ ಬರುತ್ತದೆ. ಗಟ್ಟಿ ಕಲ್ಲಿನಲ್ಲಿ ಇಂಥ ಅಲೆ ಕಳೆದುಹೋಗದೆ ಚೆನ್ನಾಗಿ ಸಾಗುತ್ತದೆ. ಹಾಗಾಗಿ ಕಾಲಿಗೆ ಗೊತ್ತಾಗದಷ್ಟು ಸಣ್ಣ ಕಂಪನವೂ ಕಿವಿಗೆ ಗೊತ್ತಾಗುತ್ತದೆ. ಗಡಿಕೇಶ್ವರದವರು 2021ಕ್ಕೂ ಕೆಲವು ವರ್ಷ ಮೊದಲಿನಿಂದಲೇ ಈ ಸದ್ದಿನ ಬಗ್ಗೆ ಹೇಳುತ್ತಾ ಬಂದಿದ್ದರು. ಅವರು ಕೇಳಿದ್ದು ಭ್ರಮೆಯಲ್ಲ. ಜನ ಹೇಳುವ ಇಂಥ ಮಾತನ್ನು ಮೊದಲ ದಿನದಿಂದಲೇ ಬರೆದಿಟ್ಟುಕೊಳ್ಳಬೇಕು.

ನೀರಿನಿಂದ ಭೂಕಂಪ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆಯಾ?

ಇದೆ. ಅಮೆರಿಕದ ಡೆನ್ವರ್ ಹತ್ತಿರ 1962ರಲ್ಲಿ ಸೇನೆಯ ರಾಸಾಯನಿಕ ಕಾರ್ಖಾನೆಯ ತ್ಯಾಜ್ಯ ನೀರನ್ನು 3.6 ಕಿಲೋಮೀಟರ್ ಆಳದ ಬಾವಿಗೆ ತುಂಬಲು ಶುರು ಮಾಡಿದರು. ಅಷ್ಟರವರೆಗೆ ಶಾಂತವಾಗಿದ್ದ ಆ ಜಾಗದಲ್ಲಿ ಕಂಪನಗಳು ಶುರುವಾದವು. 1966ರಲ್ಲಿ ನೀರು ಹಾಕುವುದನ್ನು ನಿಲ್ಲಿಸಿದರು. ಅಚ್ಚರಿ ಏನೆಂದರೆ, ಅಲ್ಲಿನ ದೊಡ್ಡ ಕಂಪನಗಳು ಆದದ್ದು 1967ರಲ್ಲಿ, ನಿಲ್ಲಿಸಿದ ಮೇಲೆ! ಒತ್ತಡ ಇನ್ನೂ ಹರಡುತ್ತಲೇ ಇತ್ತು.

ಆಮೇಲೆ ಅದೇ ರಾಜ್ಯದ ರೇಂಜ್ಲಿ ಎಂಬ ತೈಲ ಪ್ರದೇಶದಲ್ಲಿ ವಿಜ್ಞಾನಿಗಳು ಬೇಕೆಂದೇ ಪ್ರಯೋಗ ಮಾಡಿದರು. 1969ರಿಂದ 1973ರವರೆಗೆ ಬಾವಿಗಳ ಒತ್ತಡವನ್ನು ಏರಿಸಿದರು, ಇಳಿಸಿದರು. ಏರಿಸಿದಾಗ ಕಂಪನ ಜಾಸ್ತಿ, ಇಳಿಸಿದಾಗ ಕಡಿಮೆ. ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ?

ಇವು ಮನುಷ್ಯರು ಹಾಕಿದ ನೀರು. ಬರೀ ಮಳೆಯಿಂದ ಆದದ್ದಕ್ಕೆ ಜರ್ಮನಿಯ ಹೋಖ್‌ಸ್ಟೌಫೆನ್ ಬೆಟ್ಟದ ಉದಾಹರಣೆ ಇದೆ. 2002ರಲ್ಲಿ ಅಲ್ಲಿ ಜೋರು ಮಳೆಯ ಹಿಂದೆಯೇ ಸಣ್ಣ ಕಂಪನಗಳ ಸಾಲು ಬಂತು. ಆ ಬೆಟ್ಟವೂ ಸುಣ್ಣದ ಕಲ್ಲಿನ ಜಾತಿಯದೇ.

ನೇಪಾಳದ ಕಥೆ ಬೇರೆ. ಅಲ್ಲಿ ಭಾರವೇ ಮುಖ್ಯ. ಮಳೆಗಾಲದಲ್ಲಿ ಗಂಗಾ ಬಯಲಿನಲ್ಲಿ ಅಗಾಧ ನೀರು ಸೇರಿ ನೆಲ ತುಸು ಬಾಗುತ್ತದೆ, ನೀರು ಇಳಿದ ಮೇಲೆ ಮತ್ತೆ ಏಳುತ್ತದೆ. ಹಿಮಾಲಯದ ಸಣ್ಣ ಕಂಪನಗಳು ಮಳೆಗಾಲಕ್ಕಿಂತ ಚಳಿಗಾಲದಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಇರುವುದಕ್ಕೆ ಇದನ್ನೇ ಕಾರಣವಾಗಿ ಕೊಡುತ್ತಾರೆ.

ಡ್ಯಾಮ್‌ಗಳಿಂದ ಭೂಕಂಪ ಆಗುತ್ತದೆ ಅನ್ನುತ್ತಾರೆ. ನಾಗರಾಳ, ಕಾರಂಜಾ, ಬೆಣ್ಣೆತೊರೆ ಬಗ್ಗೆ ಹೆದರಬೇಕಾ?

ಡ್ಯಾಮ್ ಬಗ್ಗೆ ಜಗತ್ತಿಗೆ ಪಾಠ ಹೇಳಿದ್ದೇ ನಮ್ಮ ಪಕ್ಕದ ಕೊಯ್ನಾ. ಮಹಾರಾಷ್ಟ್ರದ ಆ ಜಲಾಶಯಕ್ಕೆ 1962ರಲ್ಲಿ ನೀರು ತುಂಬಲು ಶುರುವಾಯಿತು. ಸಣ್ಣ ನಡುಕಗಳು ಬಂದವು. 1967ರ ಡಿಸೆಂಬರ್ 10ರಂದು 6.3 ತೀವ್ರತೆಯ ಭೂಕಂಪ ಆಗಿ ಕೊಯ್ನಾನಗರ ನೆಲಕಚ್ಚಿತು. ಜಲಾಶಯ ಚುರುಕು ಮಾಡಿದ ಭೂಕಂಪಗಳಲ್ಲಿ ಇದೇ ಬಹಳ ದೊಡ್ಡದು ಎಂದು ಎಲ್ಲೆಡೆ ಹೇಳುತ್ತಾರೆ. ಐವತ್ತು ವರ್ಷ ದಾಟಿದರೂ ಅಲ್ಲಿ ಕಂಪನ ನಿಂತಿಲ್ಲ. ನೀರು ಏರಿದ ಮೇಲೆ, ಇಳಿದ ಮೇಲೆ ಅವು ಹೆಚ್ಚುವ ಒಂದು ಲಯವೂ ಕಾಣುತ್ತದೆ. ಕಾರಣವನ್ನು ಕಣ್ಣಾರೆ ನೋಡಬೇಕೆಂದು ಕೇಂದ್ರ ಸರ್ಕಾರ ಅಲ್ಲಿ ಸುಮಾರು 3 ಕಿಲೋಮೀಟರ್ ಆಳದ ರಂಧ್ರವನ್ನೇ ಕೊರೆಸಿದೆ. ಕರಾಡ್‌ನಲ್ಲಿ ಅದಕ್ಕಾಗಿಯೇ ಒಂದು ಪ್ರಯೋಗಾಲಯ ಇದೆ.

ಕೊಯ್ನಾ ನೂರು ಟಿಎಂಸಿಗೂ ದೊಡ್ಡದು. ಬೀದರಿನ ಕಾರಂಜಾ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ನಾಗರಾಳ, ಬೆಣ್ಣೆತೊರೆಯೂ ಅದರ ಮುಂದೆ ಸಣ್ಣವು. ಬರೀ ನೀರಿನ ಪ್ರಮಾಣ ನೋಡಿ ತೀರ್ಮಾನಿಸಲು ಬರುವುದಿಲ್ಲ, ನಿಜ. ಆದರೆ ಜಗತ್ತಿನ ಸಾವಿರಾರು ಜಲಾಶಯಗಳಲ್ಲಿ ಇಂಥ ಕಂಪನ ಕಂಡದ್ದು ಬಹಳ ಕಡಿಮೆ ಕಡೆ. ಹಾಗಾಗಿ ಹೆದರಿಕೆ ಬೇಡ. ಕಂಪನ ಅಳೆಯುವ ಯಂತ್ರ ಹತ್ತಿರದಲ್ಲಿ ಇರಲಿ ಎಂದು ಒತ್ತಾಯ ಮಾಡುವುದು ಮಾತ್ರ ನ್ಯಾಯ.

ಬೋರ್‌ವೆಲ್ ಜಾಸ್ತಿ ಕೊರೆದದ್ದಕ್ಕಾ? ಕಲ್ಲು ಗಣಿ ಸ್ಫೋಟಕ್ಕಾ?

ನೀರು ಅತಿಯಾಗಿ ಎತ್ತಿದರೆ ಏನಾದರೂ ಆಗಬಹುದು ಎನ್ನುವುದಕ್ಕೆ ಸ್ಪೇನಿನ ಲೋರ್ಕಾ ಉದಾಹರಣೆ ಕೊಡುತ್ತಾರೆ. 2011ರಲ್ಲಿ ಅಲ್ಲಿ 5.1 ತೀವ್ರತೆಯ ಭೂಕಂಪ ಆಗಿ 9 ಜನ ಸತ್ತರು. ಹತ್ತಾರು ವರ್ಷ ನೀರೆತ್ತಿ ಅಂತರ್ಜಲ ಸುಮಾರು 250 ಮೀಟರ್ ಕುಸಿದಿತ್ತು. ಭಾರ ಕಡಿಮೆಯಾದದ್ದು ಬಿರುಕಿಗೆ ನೆಪವಾಯಿತು ಎಂದು ಒಂದು ಅಧ್ಯಯನ ಹೇಳಿತು. ಆದರೆ ಬರೀ ಕೊಳವೆಬಾವಿಯ ರಂಧ್ರದಿಂದ ಭೂಕಂಪ ಆಗುವುದಿಲ್ಲ.

ಗಣಿ ಸ್ಫೋಟವನ್ನು ಯಂತ್ರ ಸುಲಭವಾಗಿ ಗುರುತು ಹಿಡಿಯುತ್ತದೆ. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಬಿರುಕು ಜಾರಿದರೆ ಕೆಲವು ದಿಕ್ಕಿಗೆ ತಳ್ಳುತ್ತದೆ, ಕೆಲವು ದಿಕ್ಕಿನಿಂದ ಎಳೆಯುತ್ತದೆ. ಮಧ್ಯರಾತ್ರಿಯ ನಡುಕಕ್ಕೆ ಗಣಿಯನ್ನು ದೂರುವುದು ಕಷ್ಟ.

ಅಮಾವಾಸ್ಯೆ, ಹುಣ್ಣಿಮೆಗೆ ಭೂಕಂಪ ಜಾಸ್ತಿ ಅನ್ನುವುದು ನಿಜವಾ?

ನಮ್ಮ ಹಿರಿಯರು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಭೂಕಂಪವನ್ನು ನೆನೆಸಿಕೊಂಡೇ ಇದನ್ನು ಹೇಳುತ್ತಾರೆ. 1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಮಲಗಿದ ಜನ ಬೆಳಿಗ್ಗೆ ನಾಲ್ಕು ಗಂಟೆಯ ಹೊತ್ತಿಗೆ ಗೋಡೆಗಳ ಕೆಳಗೆ ಸಿಕ್ಕಿದರು. ಸುಮಾರು 10,000 ಜನ ತೀರಿಹೋದರು. ಅಂದು ಹುಣ್ಣಿಮೆಯೇ.

ಆದರೆ ಉಳಿದವನ್ನೂ ನೋಡಬೇಕು. ಕೊಯ್ನಾದ ದಿನ ಹುಣ್ಣಿಮೆಗೆ ಇನ್ನೂ ಆರು ದಿನ ಇತ್ತು. 2015ರ ಏಪ್ರಿಲ್ 25ರಂದು ನೇಪಾಳ ನಡುಗಿದಾಗ ಆಕಾಶದಲ್ಲಿ ಅರ್ಧ ಚಂದ್ರ. 2001ರ ಜನವರಿ 26ರ ಭುಜ್ ಭೂಕಂಪ ಅಮಾವಾಸ್ಯೆಯಾಗಿ ಎರಡು ದಿನಕ್ಕೆ. ಗಡಿಕೇಶ್ವರದಲ್ಲಿ 4ರ ಆಸುಪಾಸಿನ ನಡುಕ ಆದ 2021ರ ಅಕ್ಟೋಬರ್ 11 ನವರಾತ್ರಿಯ ನಡುವೆ, ಮಹಾಲಯ ಅಮಾವಾಸ್ಯೆ ಕಳೆದು ಐದು ದಿನ ಆಗಿತ್ತು. ಹೊಂದಿದ್ದು ನೆನಪಿನಲ್ಲಿ ಉಳಿಯುತ್ತದೆ, ಹೊಂದದ್ದು ಮರೆತುಹೋಗುತ್ತದೆ.

ಹಾಗಂತ ಚಂದ್ರನಿಗೆ ಏನೂ ಪಾತ್ರ ಇಲ್ಲ ಎಂದು ತಳ್ಳಿಹಾಕುವುದೂ ತಪ್ಪು. ಚಂದ್ರ, ಸೂರ್ಯ ಸಮುದ್ರವನ್ನಷ್ಟೇ ಅಲ್ಲ, ಗಟ್ಟಿ ನೆಲವನ್ನೂ ಎಳೆಯುತ್ತವೆ. ನಾವು ನಿಂತ ನೆಲ ದಿನಕ್ಕೆ ಎರಡು ಸಲ ಕೆಲವು ಹತ್ತು ಸೆಂಟಿಮೀಟರ್ ಏರಿ ಇಳಿಯುತ್ತದೆ. ಎಲ್ಲವೂ ಒಟ್ಟಿಗೆ ಏರಿಳಿಯುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇದರಿಂದ ಬಿರುಕುಗಳ ಮೇಲೆ ಬೀಳುವ ಒತ್ತಡ ಕೆಲವೇ ಕಿಲೋಪಾಸ್ಕಲ್ (ಒತ್ತಡ ಅಳೆಯುವ ಮಾನ). ಭೂಕಂಪದಲ್ಲಿ ಬಿಡುಗಡೆಯಾಗುವ ಒತ್ತಡ ಸಾಮಾನ್ಯವಾಗಿ ಸಾವಿರದಿಂದ ಹತ್ತು ಸಾವಿರ ಕಿಲೋಪಾಸ್ಕಲ್. ಅಂತರ ಅಷ್ಟಿದೆ.

ಆರ್ಥರ್ ಶುಸ್ಟರ್ ಎಂಬ ಭೌತವಿಜ್ಞಾನಿ 1897ರಲ್ಲೇ ಈ ನಂಟನ್ನು ಗಣಿತದಿಂದ ಪರೀಕ್ಷಿಸುವ ದಾರಿ ಹಾಕಿಕೊಟ್ಟರು. ಅದನ್ನು ಇಂದಿಗೂ ಬಳಸುತ್ತಾರೆ. 2004ರಲ್ಲಿ ಎಲಿಜಬೆತ್ ಕೊಕ್ರನ್ ಮತ್ತು ಜೊತೆಗಾರರು ಸಮುದ್ರದ ಅಂಚಿನ, ಕಡಿಮೆ ಆಳದ ಕೆಲವು ಭೂಕಂಪಗಳಿಗೆ ಜೋರು ಭರತದ ಜೊತೆ ಸ್ಪಷ್ಟ ನಂಟು ತೋರಿಸಿದರು. ಸಮುದ್ರದ ನೀರಿನ ಭಾರವೂ ಅಲ್ಲಿ ಸೇರುತ್ತದೆ ಎನ್ನುವುದನ್ನು ಮರೆಯಬಾರದು. 2016ರಲ್ಲಿ ಜಪಾನಿನ ಸಾತೋಶಿ ಇಡೆ (Satoshi Ide) ಅವರ ತಂಡ, ಚಂದ್ರನ ಸೆಳೆತ ಜಾಸ್ತಿ ಇದ್ದಾಗ ಶುರುವಾದ ಕಂಪನ ದೊಡ್ಡದಾಗಿ ಬೆಳೆಯುವ ಸಾಧ್ಯತೆ ತುಸು ಹೆಚ್ಚಬಹುದು ಎಂದಿತು. ಆದರೆ 2018ರಲ್ಲಿ ಅಮೆರಿಕದ ಸೂಸನ್ ಹಫ್ (Hough) 1600ರ ದಶಕದಿಂದ ಈಚಿನ, 8 ಅಥವಾ ಅದಕ್ಕಿಂತ ಜಾಸ್ತಿ ತೀವ್ರತೆಯ 204 ಭೂಕಂಪಗಳ ದಿನಗಳನ್ನು ಚಂದ್ರನ ತಿಥಿಯ ಜೊತೆ ಇಟ್ಟು ನೋಡಿದರು. ನಂಬುವಂಥ ಯಾವ ನಂಟೂ ಸಿಗಲಿಲ್ಲ.

ನಾವು ಸಮುದ್ರದಿಂದ ದೂರ. ಕಲಬುರಗಿಯಲ್ಲಿ ಕುಳಿತು ಪಂಚಾಂಗ ನೋಡಿ ಹೆದರುವುದಕ್ಕೆ ಆಧಾರ ಇಲ್ಲ.

ಗ್ರಹಣ? ಗ್ರಹಗಳು ಸಾಲಾಗಿ ನಿಲ್ಲುವುದು?

ಗ್ರಹಣದ ದಿನದ ಸೆಳೆತ ಬೇರೆ ಅಮಾವಾಸ್ಯೆ, ಹುಣ್ಣಿಮೆಯ ಸೆಳೆತದಷ್ಟೇ. ಗ್ರಹಗಳದ್ದಂತೂ ಲೆಕ್ಕಕ್ಕೇ ಇಲ್ಲ. ಈ ಸೆಳೆತ ದೂರ ಹೆಚ್ಚಿದಂತೆ ಬಹಳ ಬೇಗ ಕುಗ್ಗುತ್ತದೆ. ಅತಿ ಹತ್ತಿರ ಬರುವ ಶುಕ್ರನದೂ ಚಂದ್ರನ ಹತ್ತು ಸಾವಿರದಲ್ಲಿ ಒಂದು ಪಾಲು ಆಗುವುದಿಲ್ಲ.

ನಮ್ಮ ಬಿಸಿಲು, ಬಿರುಗಾಳಿ, ಸಿಡಿಲು?

ಬಿಸಿಲಿಗೆ ಸಂಬಂಧ ಇಲ್ಲ. ಮೇ ತಿಂಗಳಲ್ಲಿ 43, 44 ಡಿಗ್ರಿ ಸುಟ್ಟರೂ ಆ ಬಿಸಿ ಕೆಲವು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಮಾಯ. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೋಡಿ ಕೆಲವರು ಗಾಬರಿಯಾಗುತ್ತಾರೆ. ಅದು ಮಣ್ಣು ಒಣಗಿ ಕುಗ್ಗಿದ್ದು, ಅಷ್ಟೇ.

ಗಾಳಿಯ ಒತ್ತಡಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. ತೈವಾನಿನಲ್ಲಿ ಚಂಡಮಾರುತ ಹಾದುಹೋಗುವಾಗ ಗಾಳಿಯ ಒತ್ತಡ ಇಳಿದು, ಗಂಟೆಗಟ್ಟಲೆ ನಿಧಾನವಾಗಿ ಜಾರುವ ಒಂದು ಬಗೆಯ ಕಂಪನ ಶುರುವಾಗುವುದನ್ನು 2009ರಲ್ಲಿ ವರದಿ ಮಾಡಿದರು. ಅದು ಯಾರಿಗೂ ಗೊತ್ತೇ ಆಗುವುದಿಲ್ಲ, ಸೂಕ್ಷ್ಮ ಯಂತ್ರಕ್ಕೆ ಮಾತ್ರ ಗೊತ್ತು. ಸಿಡಿಲಿಗೆ ಅಂಥ ಶಕ್ತಿ ಇಲ್ಲ.

ಬೇರೆ ಕಡೆಯ ಭೂಕಂಪ ನಮ್ಮಲ್ಲಿ ಭೂಕಂಪ ತರುತ್ತದಾ?

ಒಂದು ಭೂಕಂಪ ಹತ್ತಿರದ ಇನ್ನೊಂದನ್ನು ಎಬ್ಬಿಸುವುದು ಸಾಮಾನ್ಯ. ಟರ್ಕಿಯಲ್ಲಿ 2023ರ ಫೆಬ್ರವರಿ 6ರಂದು 7.8 ಆದ ಒಂಬತ್ತು ಗಂಟೆಯಲ್ಲಿ ಪಕ್ಕದ ಬಿರುಕಿನಲ್ಲಿ 7.5 ಆಯಿತು. ದೂರಕ್ಕೂ ಆಗುತ್ತದೆ, ಆದರೆ ಅಪರೂಪ. 1992ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಅಲೆಗಳು ಸಾವಿರ ಕಿಲೋಮೀಟರಿಗೂ ದೂರದ ಯೆಲ್ಲೊಸ್ಟೋನಿನಲ್ಲಿ ಸಣ್ಣ ಕಂಪನ ಎಬ್ಬಿಸಿದವು. ಗಮನಿಸಿ, ಅದು ಬಿಸಿನೀರಿನ ಬುಗ್ಗೆಗಳ ನಾಡು. ಅಲ್ಲೂ ನೀರಿನ ಒತ್ತಡದ್ದೇ ಪಾತ್ರ ಎಂದು ಊಹಿಸುತ್ತಾರೆ.

ಸಣ್ಣ ನಡುಕ ಆಗುತ್ತಿದ್ದರೆ ಶಕ್ತಿ ಖಾಲಿಯಾಗಿ ದೊಡ್ಡದು ಬರುವುದಿಲ್ಲ ಅಂತಾರೆ. ಒಳ್ಳೆಯದೇ ಅಲ್ವಾ?

ಸಮಾಧಾನಕ್ಕೆ ಹೇಳುವ ಮಾತು ಇದು, ಲೆಕ್ಕಕ್ಕೆ ನಿಲ್ಲುವುದಿಲ್ಲ. ತೀವ್ರತೆ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. ಕಿಲ್ಲಾರಿಯ 6.2ಕ್ಕೆ ಸಮ ಆಗಲು 4ರ ತೀವ್ರತೆಯ ನಡುಕಗಳು ಸುಮಾರು ಎರಡು ಸಾವಿರ ಬೇಕು.

ಹಾಗೆಯೇ, ಸಣ್ಣದು ಬಂತು ಎಂದರೆ ದೊಡ್ಡದು ಬಂದೇ ಬರುತ್ತದೆ ಎನ್ನುವುದೂ ಸರಿಯಲ್ಲ. ಇಂಥ ನಡುಕಗಳ ಸಾಲು ಬಹುತೇಕ ತಾನಾಗಿಯೇ ತಣ್ಣಗಾಗುತ್ತದೆ. ಆದರೆ ಕಿಲ್ಲಾರಿಯಲ್ಲಿ 1992ರಲ್ಲೇ ಸಣ್ಣ ನಡುಕಗಳು ಬಂದು, ಮರುವರ್ಷ ದೊಡ್ಡದು ಬಂತು. ಯಾವ ಸಾಲು ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಇವತ್ತು ಯಾರ ಹತ್ತಿರವೂ ಇಲ್ಲ. ದಿನ, ಗಂಟೆ ಸಮೇತ ಹೇಳುತ್ತೇನೆ ಎನ್ನುವವರ ವಾಟ್ಸ್ಆ್ಯಪ್ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಅದನ್ನು ನಂಬಿ ವಯಸ್ಸಾದವರು, ಬಾಣಂತಿಯರು ರಾತ್ರಿಯೆಲ್ಲಾ ಚಳಿಯಲ್ಲಿ ಕೂರುತ್ತಾರೆ.

ಕಿಲ್ಲಾರಿಯಂಥದ್ದು ನಮ್ಮಲ್ಲಿ ಆದರೆ?

ಬಸವಕಲ್ಯಾಣದಿಂದ ಕಿಲ್ಲಾರಿಗೆ ನೇರ ದೂರ 50 ಕಿಲೋಮೀಟರಿನೊಳಗೆ. 1993ರಲ್ಲಿ ಆ ಜಾಗ ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. ಆಮೇಲೆ ಅದನ್ನು ವಲಯ 3ಕ್ಕೆ ಏರಿಸಿದರು. ಅಲ್ಲಿ ಅಷ್ಟು ಜನ ಸತ್ತದ್ದಕ್ಕೆ 6.2 ಮಾತ್ರ ಕಾರಣವಲ್ಲ. ದಪ್ಪ ಕಲ್ಲು, ಕೆಸರು ಮಣ್ಣಿನ ಗೋಡೆ. ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಬಹುತೇಕ ಹೀಗೇ ಇವೆ. ಮಳೆಯನ್ನಾಗಲಿ ಚಂದ್ರನನ್ನಾಗಲಿ ತಡೆಯಲು ಬರುವುದಿಲ್ಲ, ಗೋಡೆಯನ್ನು ಗಟ್ಟಿ ಮಾಡಬಹುದು. ಗೋಡೆಯ ಅಗಲಕ್ಕೂ ಹಾಯುವ ಉದ್ದ ಕಲ್ಲುಗಳನ್ನು ನಡುನಡುವೆ ಇಡಿಸಿ. ಬಾಗಿಲು, ಕಿಟಕಿಯ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಒಂದೇ ಸಮ ಕಾಂಕ್ರೀಟ್ ಪಟ್ಟಿ ಕಟ್ಟಿಸಿ. ಮಾಳಿಗೆ ಸೋರಿತು ಎಂದು ಪ್ರತಿ ವರ್ಷ ಮೇಲೆ ಮಣ್ಣು ಏರಿಸುತ್ತಾ ಹೋಗಬೇಡಿ. ಗೋಡೆ ಉಬ್ಬಿದ ಕಡೆ ಮಕ್ಕಳನ್ನು ಮಲಗಿಸಬೇಡಿ.

ಶಾಲೆಯ ಮಕ್ಕಳು, ಊರಿನವರು ಇದನ್ನು ಅಧ್ಯಯನ ಮಾಡಬಹುದಾ?

ಖಂಡಿತ. ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ), ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ದೆಹಲಿಯ ರಾಷ್ಟ್ರೀಯ ಭೂಕಂಪ ಕೇಂದ್ರ ಯಂತ್ರಗಳಿಂದ ಅಳೆಯುತ್ತವೆ. ಊರಿನವರ ಬಳಿ ಇರುವ ಮಾಹಿತಿ ಯಂತ್ರಕ್ಕೂ ಸಿಗುವುದಿಲ್ಲ. ಒಂದು ನೋಟ್‌ಬುಕ್ ಸಾಕು. ದಿನದ ಮಳೆ ಎಷ್ಟು ಮಿಲಿಮೀಟರ್, ತೆರೆದ ಬಾವಿಯಲ್ಲಿ ನೀರು ಎಷ್ಟು ಅಡಿ ಕೆಳಗಿದೆ, ಸದ್ದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ದಿಕ್ಕಿನಿಂದ, ಪಾತ್ರೆ ಅಲ್ಲಾಡಿತಾ, ಗೋಡೆ ಬಿರಿಯಿತಾ. ಮೊಬೈಲ್ ಗಡಿಯಾರ ನೋಡಿ ಬರೆಯಿರಿ, ಅಂದಾಜು ಬೇಡ. ಇನ್ನೊಂದು ಅಷ್ಟೇ ಮುಖ್ಯ. ಏನೂ ಆಗದ ದಿನವನ್ನೂ ಬರೆಯಬೇಕು. ಮಳೆ ಜೋರಾಗಿ ಬಂದೂ ನೆಲ ಸುಮ್ಮನಿದ್ದ ವಾರ, ಹುಣ್ಣಿಮೆ ಕಳೆದರೂ ಸದ್ದಿಲ್ಲದ ರಾತ್ರಿ, ಎಲ್ಲವೂ ಪುಸ್ತಕದಲ್ಲಿ ಇರಲಿ. ಸದ್ದಾದ ದಿನವನ್ನಷ್ಟೇ ಬರೆದರೆ ಯಾವುದಕ್ಕೆ ಬೇಕಾದರೂ ನಂಟು ಹಚ್ಚಬಹುದು. ಎರಡು ಮೂರು ಮಳೆಗಾಲದ ಪುಸ್ತಕ ಕೈಯಲ್ಲಿದ್ದರೆ ಬಾವಿ ನೀರು ಏರಿದ ಎಷ್ಟು ವಾರಕ್ಕೆ ಸದ್ದು ಶುರುವಾಗುತ್ತದೆ ಎಂದು ನಿಮ್ಮ ಊರಿನ ಮಟ್ಟಿಗೆ ಲೆಕ್ಕ ಹಾಕಬಹುದು. ಅದರ ಒಂದು ಪ್ರತಿಯನ್ನು ತಹಶೀಲ್ದಾರ್ ಕಚೇರಿಗೆ ಕೊಡಿ, ತಜ್ಞರು ಊರಿಗೆ ಬಂದಾಗ ಅವರ ಕೈಗೂ ಕೊಡಿ.